ಮಾರ್ಚ್ ತಿಂಗಳ ದಾನಶೂರರು

ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯನ್ನು ಓದಿ ನಗುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಆದರೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ವರದಿಯನ್ನು ಯಾರಾದರೂ ನಗದೆ ಓದಿ ಮುಗಿಸಿದ್ದರೆ ಅಂಥವರಿಗೆ ಉಚಿತವಾಗಿ ಒಂದು ತರಬೇತಿ ಕೊಡಿಸುವುದು ಒಳ್ಳೆಯದು. ಸುಮಾರು 96 ಲಕ್ಷ ಅಭ್ಯರ್ಥಿಗಳ ಪೈಕಿ ಶೇ 94.53 ಮಂದಿಯ ಬ್ಯಾಂಕ್ ಖಾತೆ ಸಂಖ್ಯೆ ಇರಬೇಕಾದ ಜಾಗದಲ್ಲಿ ಸೊನ್ನೆಯೋ, ಖಾಲಿಯೋ, 'ಅನ್ವಯಿಸುವುದಿಲ್ಲ' ಎಂಬ ಷರಾವೋ ಇದ್ದುದನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಕೆಲವು ಕಡೆ ಬರೀ ಒಂದುಗಳ ಸಾಲು, ಇನ್ನು ಕೆಲವು ಕಡೆ 123456. ಈ 123456ನೇ ಖಾತೆಯ ಮಾಲೀಕರನ್ನು ಒಮ್ಮೆಯಾದರೂ ಕಾಣಬೇಕೆಂಬ ಆಸೆ ನನಗಿದೆ. ದೇಶದಲ್ಲಿ ಬ್ಯಾಂಕ್ ಬಾಗಿಲು ತೆರೆದ ಮೊದಲ ದಿನವೇ ಸರದಿಯಲ್ಲಿ ನಿಂತ ಪುಣ್ಯವಂತರು ಅವರಿರಬೇಕು, ಮತ್ತು ಆ ವಯಸ್ಸಿನಲ್ಲೂ ಹೊಸ ಕೌಶಲ ಕಲಿಯಲು ಬಂದಿದ್ದಾರೆಂದರೆ ಅವರಿಗೆ ನೇರ ವರ್ಗಾವಣೆಯಾಗಬೇಕಿದ್ದ ಐನೂರು ರೂಪಾಯಿ ತೀರಾ ಕಡಿಮೆಯಾಯಿತು.

ಲೆಕ್ಕಪರಿಶೋಧಕರು ಅಲ್ಲಿಗೇ ನಿಲ್ಲದೆ ಅಭ್ಯರ್ಥಿಗಳಿಗೆ ಇ-ಮೇಲ್ ಕಳಿಸಿ ವಿಚಾರಿಸಿದರಂತೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಗಳು ವಿಳಾಸವೇ ಇಲ್ಲವೆಂದು ಹಿಂದಿರುಗಿದವು. ಉತ್ತರ ಬಂದದ್ದು 171, ಅದರಲ್ಲಿ 131 ಉತ್ತರಗಳು ಒಂದೇ ಇ-ಮೇಲ್ ವಿಳಾಸದಿಂದ ಅಥವಾ ತರಬೇತಿ ಕೊಟ್ಟ ಸಂಸ್ಥೆಗಳ ಮತ್ತು ಕೇಂದ್ರಗಳ ವಿಳಾಸದಿಂದಲೇ ಬಂದಿದ್ದವು. ಇದನ್ನು ವಂಚನೆ ಎಂದು ಕೂಗಾಡುವವರು ಗುರುಶಿಷ್ಯ ಪರಂಪರೆಯನ್ನು ಅರಿಯದವರು. ಶಿಷ್ಯನ ಪರವಾಗಿ ಗುರುವೇ ಉತ್ತರ ಬರೆಯುವಷ್ಟು ಅಕ್ಕರೆ ಬೇರೆ ಯಾವ ದೇಶದ ಶಿಕ್ಷಣ ಪದ್ಧತಿಯಲ್ಲಿದೆ?

ನಮ್ಮ ಜಿಲ್ಲೆ, ತಾಲ್ಲೂಕುಗಳ ದತ್ತಿ ಸಂಸ್ಥೆಗಳ ಮೇಲೆ, ಸೇವಾ ಕ್ಲಬ್ಬುಗಳ ಮೇಲೆ, ಅಜ್ಜನ ಹೆಸರಿನಲ್ಲಿ ಮೊಮ್ಮಗ ಕಟ್ಟಿದ ಪ್ರತಿಷ್ಠಾನಗಳ ಮೇಲೆ ಇಂಥ ಅಪವಾದವನ್ನು ಯಾರೂ ಹೊರಿಸಲಾರರು. ಅವರ ಫಲಾನುಭವಿಗಳು ಕಾಗದದ ಮೇಲಿನ ಮನುಷ್ಯರಲ್ಲ. ಅವರಿಗೆ ಹೆಸರಿದೆ, ಊರಿದೆ, ಆಧಾರ್ ಕಾರ್ಡಿದೆ, ಎಲ್ಲಕ್ಕಿಂತ ಮಿಗಿಲಾಗಿ ಅಕ್ಷಾಂಶ ರೇಖಾಂಶಗಳ ಸಮೇತ ಮೊಬೈಲಿನಲ್ಲಿ ತೆಗೆದ ಜಿಪಿಎಸ್ ಫೋಟೊ ಇದೆ. ಆ ಫೋಟೊ ತೆಗೆಯುವ ಗಳಿಗೆಯವರೆಗೆ ಅವರು ಖಂಡಿತವಾಗಿಯೂ ಅಸ್ತಿತ್ವದಲ್ಲಿರುತ್ತಾರೆ. ಆಮೇಲೆ ಇರುತ್ತಾರೋ ಇಲ್ಲವೋ ಎಂಬುದು ಸಂಸ್ಥೆಯ ವ್ಯಾಪ್ತಿಗೆ ಬರುವ ವಿಷಯವಲ್ಲ.

ಈ ಪರೋಪಕಾರಕ್ಕೂ ಒಂದು ಋತುವಿದೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯವೋ, 1,000 ಕೋಟಿಯ ವಹಿವಾಟೋ, 5 ಕೋಟಿಯ ನಿವ್ವಳ ಲಾಭವೋ ಇರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಈ ನಿಯಮ ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಂದು. ದಿನಾಂಕವನ್ನು ಆರಿಸಿದವರ ಹಾಸ್ಯಪ್ರಜ್ಞೆಗೆ ನಮಸ್ಕಾರ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದದ್ದು ಮುಂದುವರಿಯುವ ಯೋಜನೆಯ ಹಣವಾದರೆ ಪ್ರತ್ಯೇಕ ಖಾತೆಗೆ ಹೋಗಬೇಕು, ಅಲ್ಲವಾದರೆ ಆರು ತಿಂಗಳೊಳಗೆ ಕಾಯ್ದೆ ಹೆಸರಿಸಿದ ನಿಧಿಗೆ ಹೋಗಬೇಕು. ಅಂದರೆ ಹಣವೂ ಹೋಗುತ್ತದೆ, ಫೋಟೊವೂ ಸಿಗುವುದಿಲ್ಲ. ಆದ್ದರಿಂದ ಏಪ್ರಿಲ್‌ನಿಂದ ಫೆಬ್ರುವರಿಯವರೆಗೆ ಯಾರ ಕಣ್ಣಿಗೂ ಬೀಳದ ಗ್ರಾಮೀಣ ಬಡತನವು ಮಾರ್ಚ್ ಮೊದಲ ವಾರದಲ್ಲಿ ಇದ್ದಕ್ಕಿದ್ದಂತೆ ಎದ್ದು ಕಾಣತೊಡಗುತ್ತದೆ. ಮಾರ್ಚ್ ತಿಂಗಳ ಸುಡು ಬಿಸಿಲಿನಲ್ಲಿ ಕಲಬುರಗಿ, ರಾಯಚೂರಿನ ಕಡೆ ನಾಯಿಯೂ ನೆರಳು ಬಿಟ್ಟು ಬರದ ಹೊತ್ತಿನಲ್ಲಿ ತಗಡಿನ ಸಮುದಾಯ ಭವನದೊಳಗೆ ನಲವತ್ತು ಹೆಂಗಸರನ್ನು ಕೂರಿಸಿ ಸ್ವಾವಲಂಬನೆಯ ಪಾಠ ಹೇಳುವುದಕ್ಕೆ ಬೆಂಗಳೂರಿನಿಂದ ಹವಾನಿಯಂತ್ರಿತ ಕಾರುಗಳು ಹೊರಡುತ್ತವೆ.

ಅಂಥ ಸಮಾರಂಭಗಳನ್ನು ನೋಡದವರು ಈ ನಾಡಿನಲ್ಲಿ ಯಾರೂ ಇರಲಾರರು, ಆದರೂ ಅದರ ಶಿಷ್ಟಾಚಾರವನ್ನು ಒಮ್ಮೆ ಮನಸಾರೆ ಮೆಚ್ಚಿಕೊಳ್ಳಬೇಕು. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದಿರುತ್ತದೆ. ಹೆಂಗಸರು ದನದ ಕೊಟ್ಟಿಗೆ ಗುಡಿಸಿ, ಮಕ್ಕಳನ್ನು ಶಾಲೆಗೆ ಅಟ್ಟಿ, ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು ಒಂಬತ್ತೂವರೆಗೇ ಬಂದು ಕೂತಿರುತ್ತಾರೆ. ಮುಖ್ಯ ಅತಿಥಿಗಳು ಹನ್ನೆರಡೂಮುಕ್ಕಾಲಿಗೆ ಬಂದು ಸಮಯ ಪಾಲನೆಯ ಮಹತ್ವವನ್ನು ವಿವರಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ವೇದಿಕೆಯ ಮೇಲಿನ ಹದಿನಾಲ್ಕು ಮಂದಿಗೆ ಹೂವಿನ ಗುಚ್ಛ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪೇಟ ಮತ್ತು ಶಾಲಿನ ಈ ಖರ್ಚಿನಲ್ಲಿ ಮೂರು ತಿಂಗಳಿಗಾಗುವಷ್ಟು ನೂಲು ಬರುತ್ತಿತ್ತು ಎಂದು ಯಾರಾದರೂ ಸಣ್ಣತನದ ಲೆಕ್ಕ ಹಾಕಿದರೆ ಅವರಿಗೆ ಸಂಸ್ಕೃತಿಯ ಪರಿಚಯವಿಲ್ಲ ಎಂದರ್ಥ.

ಆಮೇಲೆ ಹೊಲಿಗೆ ಯಂತ್ರದ ಹಸ್ತಾಂತರ. ಒಂದು ಯಂತ್ರವನ್ನು ಏಳು ಜನ ದಾನಿಗಳು ಹಿಡಿದುಕೊಳ್ಳುತ್ತಾರೆ. ಎಂಟನೆಯವರಾಗಿ ಅದನ್ನು ಪಡೆಯಬೇಕಾದ ಹೆಣ್ಣುಮಗಳಿಗೆ ಕೈ ಇಡಲು ಜಾಗ ಸಿಗದೆ ಅವಳು ಯಾರದೋ ಮೊಣಕೈಯ ಸಂದಿಯಿಂದ ಬೆರಳು ತೂರಿಸಿ ಚಕ್ರದ ಅಂಚನ್ನು ಮುಟ್ಟುತ್ತಾಳೆ. 'ಅಮ್ಮಾ, ಸ್ವಲ್ಪ ಈ ಕಡೆ ನೋಡಿ, ನಗಿ' ಎಂದು ಛಾಯಾಗ್ರಾಹಕ ಹೇಳುತ್ತಾನೆ. ಎಡಗೈಯಲ್ಲಿದ್ದ ಚಿನ್ನದ ಬಟ್ಟಲನ್ನು ಬಲಗೈಗೆ ದಾಟಿಸುವಷ್ಟರಲ್ಲಿ ಎಲ್ಲಿ ಮನಸ್ಸು ಬದಲಾದೀತೋ ಎಂದು ಕರ್ಣ ಎಡಗೈಯಲ್ಲೇ ಕೊಟ್ಟುಬಿಟ್ಟನೆಂಬ ಕಥೆಯನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಛಾಯಾಗ್ರಾಹಕ ಬರುವವರೆಗೆ ತಡೆದುಕೊಳ್ಳುವ ತಾಳ್ಮೆ ಆ ಮಹಾನುಭಾವನಿಗೆ ಇರಲಿಲ್ಲ, ಆದ್ದರಿಂದಲೇ ಅವನ ದಾನಗಳಿಗೆ ಇವತ್ತಿಗೂ ಒಂದು ದಾಖಲೆಯಿಲ್ಲ. ಯಾವ ಲೆಕ್ಕಪರಿಶೋಧಕನೂ ಕವಚ ಕುಂಡಲಗಳ ವಿತರಣೆಯನ್ನು ಮಾನ್ಯ ಮಾಡುವುದಿಲ್ಲ.

ಹೊಲಿಗೆಯೇ ಏಕೆ ಎಂದು ಕೇಳಬಾರದು. ಹಳ್ಳಿಯ ಹೆಣ್ಣುಮಗಳು ಎಂದರೆ ಹೊಲಿಗೆ, ಹಳ್ಳಿಯ ಗಂಡುಮಗ ಎಂದರೆ ಮೊಬೈಲ್ ರಿಪೇರಿ ಅಥವಾ ಡ್ರೈವಿಂಗ್ ಎಂಬುದು ಸೃಷ್ಟಿಯ ಆದಿಯಲ್ಲೇ ತೀರ್ಮಾನವಾಗಿದೆ. ಆದರೂ ನಾನು ಒಮ್ಮೆ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಇನ್ನೂರು ಮನೆಗಳ ಒಂದು ಊರು ಎಂದಿಟ್ಟುಕೊಳ್ಳಿ. ಈ ವರ್ಷ ಒಂದು ಕಂಪನಿ ಮೂವತ್ತು ಮಂದಿಗೆ ಹೊಲಿಗೆ ಕಲಿಸಿತು. ಹೋದ ವರ್ಷ ತಾಲ್ಲೂಕಿನ ಒಂದು ಕ್ಲಬ್ಬು ಮೂವತ್ತು ಮಂದಿಗೆ ಕಲಿಸಿತ್ತು. ಮೊದಲಿನಿಂದ ಊರಿನಲ್ಲಿದ್ದ ದರ್ಜಿಗಳು ಇಬ್ಬರು. ಒಟ್ಟು 62 ಜನ. ಮನೆಗೆ ಮೂವರಂತೆ 600 ಹೆಂಗಸರು, ಒಬ್ಬೊಬ್ಬರು ವರ್ಷಕ್ಕೆ ನಾಲ್ಕು ರವಿಕೆ ಹೊಲಿಸಿಕೊಂಡರೆ 2,400 ರವಿಕೆ. ಒಬ್ಬ ದರ್ಜಿಗೆ ವರ್ಷಕ್ಕೆ 39 ರವಿಕೆ ಸಿಕ್ಕೀತು. ರವಿಕೆಗೆ 150 ರೂಪಾಯಿ ಎಂದರೆ ವರ್ಷದ ದುಡಿಮೆ 5,850 ರೂಪಾಯಿ, ತಿಂಗಳಿಗೆ ಐನೂರೂ ಆಗುವುದಿಲ್ಲ. ಇದರಲ್ಲಿ ನೂಲು, ಹುಕ್ಕು, ಲೈನಿಂಗ್ ಬಟ್ಟೆ, ಕರೆಂಟು, ಯಂತ್ರದ ಎಣ್ಣೆ ಕಳೆಯಬೇಕು. ತರಬೇತಿ ಪಡೆದ ಅರವತ್ತು ಮಂದಿ ತಮ್ಮ ರವಿಕೆಗಳನ್ನು ತಾವೇ ಹೊಲಿದುಕೊಳ್ಳುವುದರಿಂದ ಗಿರಾಕಿಗಳ ಸಂಖ್ಯೆಯೂ ಅಷ್ಟು ಕಡಿಮೆಯಾಗುತ್ತದೆ. ಮುಂದಿನ ಮಾರ್ಚಿನಲ್ಲಿ ಇನ್ನೂ ಮೂವತ್ತು ಮಂದಿ ಸೇರುತ್ತಾರೆ. ಹೀಗೇ ಸಾಗಿದರೆ ಊರಿನಲ್ಲಿ ಪ್ರತಿಯೊಬ್ಬ ಹೆಂಗಸಿಗೂ ಖಾಸಗಿಯಾಗಿ ಒಬ್ಬೊಬ್ಬ ದರ್ಜಿ ಇರುವ ಕಾಲ ದೂರವಿಲ್ಲ. ಇಂಥ ವೈಭವ ವಿಜಯನಗರದ ಅರಸಿಯರಿಗೂ ಇತ್ತೋ ಇಲ್ಲವೋ.

ಇದರ ನಡುವೆ ನಿಜವಾಗಿಯೂ ಚೆನ್ನಾಗಿ ಕಲಿತ ನಾಲ್ಕಾರು ಹುಡುಗಿಯರು ಮಂಡ್ಯದ ಕಡೆಯವರಾದರೆ ಬೆಳಗಿನ ಜಾವ ಗಾರ್ಮೆಂಟ್ಸ್ ವ್ಯಾನು ಹತ್ತಿ ಮದ್ದೂರಿಗೋ ಶ್ರೀರಂಗಪಟ್ಟಣಕ್ಕೋ ಹೋಗಿ ದಿನವಿಡೀ ಅಂಗಿಗಳ ಕಾಲರನ್ನಷ್ಟೇ ಹೊಲಿಯುತ್ತಾರೆ. ವಾರ್ಷಿಕ ವರದಿಯಲ್ಲಿ ಅವರು 'ಗ್ರಾಮೀಣ ಮಹಿಳಾ ಉದ್ಯಮಿಗಳು'.

ಹೊಲಿಗೆ ಬೇಸರವಾದಾಗ ಬೇರೆ ವಿಷಯಗಳೂ ಇವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಯಾರಿಕೆಯ ಮೂರು ದಿನಗಳ ತರಬೇತಿಯನ್ನು ಶಿರಸಿ ಸೀಮೆಯ ಹೆಂಗಸರಿಗೆ ಕೊಡುವುದಕ್ಕೆ ಎಂಥ ಗುಂಡಿಗೆ ಬೇಕು ಎಂಬುದನ್ನು ಊಹಿಸಿಕೊಳ್ಳಿ. ಅಪ್ಪೆಮಿಡಿಯನ್ನು ತೊಟ್ಟು ನೋಡಿಯೇ ಯಾವ ಹೊಳೆದಂಡೆಯ ಮರದ್ದೆಂದು ಹೇಳಬಲ್ಲ ಎಪ್ಪತ್ತರ ಅಜ್ಜಿಯ ಎದುರು ಪರದೆ ಕಟ್ಟಿ, ಸ್ಲೈಡಿನಲ್ಲಿ ಉಪ್ಪಿನ ಚಿತ್ರ ತೋರಿಸಿ, 'ಇದು ಉಪ್ಪು, ಇದು ಸಂರಕ್ಷಕ' ಎಂದು ವಿವರಿಸುವ ಇಪ್ಪತ್ತನಾಲ್ಕರ ಯುವಕನಿಗೆ ನಾವು ಶೌರ್ಯ ಪ್ರಶಸ್ತಿ ಕೊಡಬೇಕು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದಾಗಲಂತೂ ಕೋಲಾರ, ತುಮಕೂರಿನ ಕಡೆಯ ರೈತ ಮಹಿಳೆಯರಿಗೆ ರಾಗಿಯನ್ನು ತಿನ್ನಬಹುದು ಎಂಬ ಸಂಗತಿಯನ್ನು ನಗರದಿಂದ ಬಂದವರು ತಿಳಿಸಿಕೊಟ್ಟರು. ಆ ಹೆಂಗಸರು ತಲೆಯಾಡಿಸಿ ಕೇಳಿಸಿಕೊಂಡು, ಕೊಟ್ಟ ರಾಗಿ ಕುಕೀಸನ್ನು ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು, ಮನೆಗೆ ಹೋಗಿ ಮುದ್ದೆ ತೊಳಸಿದರು. ಆ ವರ್ಷ ರಾಗಿಗೆ ಯಾವ ಬೆಲೆ ಬಂತು, ಖರೀದಿ ಕೇಂದ್ರದ ಎದುರು ಎಷ್ಟು ದಿನ ಟ್ರಾಕ್ಟರ್ ನಿಲ್ಲಿಸಿಕೊಳ್ಳಬೇಕಾಯಿತು ಎಂಬುದು ತರಬೇತಿಯ ಪಠ್ಯದಲ್ಲಿ ಇರಲಿಲ್ಲ.

ಪಠ್ಯದಲ್ಲಿ ಇರುವುದು 'ಮಾರುಕಟ್ಟೆ ಸಂಪರ್ಕ' ಎಂಬ ಒಂದು ಅವಧಿ. ಅದು ಯಾವಾಗಲೂ ಕೊನೆಯ ದಿನ, ಊಟದ ನಂತರ, ವಂದನಾರ್ಪಣೆಗೆ ಮೊದಲು ಇರುತ್ತದೆ, ಮತ್ತು ಅತಿಥಿಗಳು ಬೇಗ ಹೊರಡಬೇಕಾಗಿರುವುದರಿಂದ ಅದನ್ನು ಮೊಟಕುಗೊಳಿಸಲಾಗುತ್ತದೆ. ಮಾಡಿದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಒಂದೇ ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲ ಪ್ರಶ್ನೆಗಳಿಗೂ ನಮ್ಮ ತರಬೇತಿಗಳಲ್ಲಿ ಉತ್ತರವಿದೆ. ಫಿನಾಯಿಲ್ ತಯಾರಿಸಲು ಕಲಿತ ಸ್ವಸಹಾಯ ಗುಂಪಿನವರು ಊರಿನ ಅಂಗನವಾಡಿಗೆ, ಶಾಲೆಗೆ, ಪಂಚಾಯಿತಿ ಕಚೇರಿಗೆ ಎರಡೆರಡು ಬಾಟಲಿ ಮಾರಿದ ಮೇಲೆ ಉಳಿದ ಬಾಟಲಿಗಳನ್ನು ತಮ್ಮ ತಮ್ಮ ಮನೆಗೆ ಹಂಚಿಕೊಳ್ಳುತ್ತಾರೆ, ಅಲ್ಲಿಗೆ ಉದ್ದಿಮೆ ಮುಕ್ತಾಯವಾಗುತ್ತದೆ. ಅಣಬೆ ಬೇಸಾಯದ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಅಣಬೆಯು ಮಾರಾಟವಾಗುವ ಪೇಟೆಗೂ ಅದನ್ನು ಬೆಳೆದ ಗುಡಿಸಲಿಗೂ ನಡುವೆ ಶೀತಲ ವ್ಯವಸ್ಥೆಯುಳ್ಳ ವಾಹನ ಬೇಕು ಎಂಬುದು ಅಣಬೆಗೆ ಗೊತ್ತು, ತರಬೇತುದಾರರಿಗೆ ಗೊತ್ತಿಲ್ಲ.

ತರಬೇತಿ ಉಚಿತ ಎಂದು ಫ್ಲೆಕ್ಸಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿರುತ್ತದೆ. 2025–26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸಕ್ಕೆ ಹೋಗಬಹುದಾಗಿದ್ದ ಹೆಣ್ಣುಮಗಳು ಹತ್ತು ದಿನ ತರಬೇತಿಯಲ್ಲಿ ಕೂತರೆ 3,700 ರೂಪಾಯಿ ಬಿಟ್ಟುಕೊಟ್ಟ ಹಾಗಾಯಿತು. ಪ್ರತಿಯಾಗಿ ಅವಳಿಗೆ ಒಂದು ಪೆನ್ನು, ಒಂದು ನೋಟ್ ಪುಸ್ತಕ, ದಾನಿಯ ಹೆಸರಿರುವ ಒಂದು ಚೀಲ, ಉಪ್ಪಿಟ್ಟು ಮತ್ತು ಪ್ರಮಾಣಪತ್ರ ಸಿಗುತ್ತವೆ. ಈ ಲೆಕ್ಕದಲ್ಲಿ ಇಡೀ ಶಿಬಿರದ ಅತಿದೊಡ್ಡ ದಾನಿಗಳು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಆ ನಲವತ್ತು ಮಂದಿಯೇ ಆಗುತ್ತಾರೆ, ಆದರೆ ಅವರಿಗೆ ಯಾರೂ ಪೇಟ ತೊಡಿಸಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಆದ ಮೇಲೆ ಇದರಿಂದ ಏನಾಯಿತು ಎಂದು ಕೇಳುವುದಕ್ಕೂ ಒಂದು ನಿಯಮವಿದೆ. ಕಂಪನಿಗಳ ಈ ಶೇ 2ರ ಖರ್ಚಿನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಮಾಜಕ್ಕಾಗಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾದ ಕಂಪನಿಗಳು, 1 ಕೋಟಿ ಅಥವಾ ಅದಕ್ಕಿಂತ ಹೆಚ್ಚು ವೆಚ್ಚದ ಯೋಜನೆಗಳಿಗೆ ಮಾತ್ರ, ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು. ಮೂವತ್ತು ಹೊಲಿಗೆ ಯಂತ್ರ, ಒಂದು ಶಾಮಿಯಾನ, ಹದಿನಾಲ್ಕು ಪೇಟಗಳ ಬೆಲೆ ಎಷ್ಟು ಎಳೆದರೂ ಒಂದು ಕೋಟಿಯಾಗುವುದಿಲ್ಲವಾದ್ದರಿಂದ ನಮ್ಮೂರಿನ ಹೆಣ್ಣುಮಕ್ಕಳನ್ನು 'ಏನಾಯ್ತಮ್ಮಾ, ಯಂತ್ರ ನಡೀತಿದೆಯಾ' ಎಂದು ಕೇಳುವ ಕಷ್ಟ ಯಾರಿಗೂ ಇಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಬಾಬಿನ್ ಕೇಸು ಸವೆದು ಆರು ತಿಂಗಳಾಗಿದೆ, ಬೆಲ್ಟು ತುಂಡಾಗಿದೆ, ರಿಪೇರಿ ಮಾಡುವವನು ತಾಲ್ಲೂಕು ಕೇಂದ್ರದಿಂದ ಬರಬೇಕು, ಅವನು ಬಂದು ಹೋಗುವ ಖರ್ಚಿಗೆ ನಾಲ್ಕು ರವಿಕೆ ಹೊಲಿಯಬೇಕು. ಸದ್ಯಕ್ಕೆ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿ ಟಿ.ವಿ. ಇಟ್ಟಿದ್ದಾರೆ. ಟಿ.ವಿ.ಗೆ ಅದು ಸರಿಯಾದ ಎತ್ತರ.

ಕೇಳುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಶುರು ಮಾಡಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ನಿರುದ್ಯೋಗಿಗಳನ್ನು ವಸತಿ ಸಮೇತ ಇರಿಸಿಕೊಂಡು ಉಚಿತವಾಗಿ ಕಲಿಸಿದರು. ಅದು ದೊಡ್ಡ ಸಂಗತಿಯಲ್ಲ. ಕಲಿಸಿ ಕಳಿಸಿದ ಮೇಲೆ ಎರಡು ವರ್ಷ ಬೆನ್ನು ಬಿಡದೆ ವಿಚಾರಿಸಿಕೊಂಡರು, ಬ್ಯಾಂಕಿನ ಬಾಗಿಲಿಗೆ ಕರೆದೊಯ್ದು ಸಾಲದ ಅರ್ಜಿ ಹಾಕಿಸಿದರು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಅದೇ ಮಾದರಿಯನ್ನು ಹಿಡಿದು ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಸ್ಥಾಪಿಸಲು ಹೊರಟಿತು. ಅಂದರೆ ಮಾದರಿ ನಮ್ಮ ರಾಜ್ಯದಲ್ಲೇ ಹುಟ್ಟಿತ್ತು, ನಲವತ್ತು ವರ್ಷಗಳಿಂದ ಕಣ್ಣೆದುರಿಗೇ ಇತ್ತು. ಅದರಿಂದ ನಮ್ಮ ಹೊಸ ದಾನಶೂರರು ವಸತಿಯನ್ನೂ, ಬ್ಯಾಂಕನ್ನೂ, ಎರಡು ವರ್ಷದ ವಿಚಾರಣೆಯನ್ನೂ ತೆಗೆದುಹಾಕಿ ಸಮಾರೋಪ ಸಮಾರಂಭವನ್ನು ಮಾತ್ರ ಉಳಿಸಿಕೊಂಡರು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಈಗ ಅನ್ನಿಸುತ್ತಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘವಿದೆ. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಕೈಮಗ್ಗದಲ್ಲಿ ನೇಯ್ದರು, ಸಸ್ಯಜನ್ಯ ಬಣ್ಣ ಹಾಕಿದರು, ಹೊಲಿದರು, 'ದೇಸಿ' ಅಂಗಡಿಗಳ ಮೂಲಕ ಬೆಂಗಳೂರಿನವರಿಗೆ ಅಂಗಿ, ಕುರ್ತಾ ಮಾರಿದರು. ತರಬೇತಿ, ಉತ್ಪಾದನೆ, ಮಾರುಕಟ್ಟೆ ಮೂರೂ ಇದ್ದ ಜಾಗ ಅದು. 2020ರಲ್ಲಿ ಆ ಸಂಸ್ಥೆ ತಾನು ದಿವಾಳಿಯಾಗಿದ್ದೇನೆಂದು ತಾನೇ ಘೋಷಿಸಿಕೊಳ್ಳಬೇಕಾಯಿತು, ಸರ್ಕಾರದಿಂದ ಬರಬೇಕಾದ ನೆರವು ಬಂದಿಲ್ಲ ಎಂದು ಹೇಳಿತು. ಪ್ರತಿ ಮಾರ್ಚಿನಲ್ಲಿ ಸಾವಿರಾರು ಯಂತ್ರಗಳಿಗೆ ರಿಬ್ಬನ್ ಕಟ್ಟುವ ಈ ನಾಡಿನಲ್ಲಿ, ನಡೆಯುತ್ತಿದ್ದ ಮಗ್ಗಗಳು ನಿಲ್ಲುವ ಸ್ಥಿತಿಗೆ ಬಂದಾಗ ಓಡಿಬರಲು ಯಾವ ಪೇಟಧಾರಿಗೂ ಪುರುಸೊತ್ತಿರಲಿಲ್ಲ. ಅದಾಗಲೇ ಇದ್ದ ಮಗ್ಗವನ್ನು ಉದ್ಘಾಟಿಸಲು ಬರುವುದಿಲ್ಲವಲ್ಲ.

ಕಾನೂನು ಅಡ್ಡ ಬರುತ್ತದೆ ಎಂದು ನೆಪ ಹೇಳುವವರಿದ್ದಾರೆ. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ಅವರು ಬಾಯಿಪಾಠ ಹೇಳುತ್ತಾರೆ. ಅದೇ ನಿಯಮಾವಳಿಯು ಒಂದು ನಿರ್ದಿಷ್ಟ ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚನ್ನು ಆಡಳಿತ ವೆಚ್ಚವೆಂದು ಎಣಿಸಬಾರದು ಎಂದೂ ಹೇಳುತ್ತದೆ. ಅಂದರೆ ಮನೆಮನೆಗೆ ಹೋಗಿ ವಿಚಾರಿಸುವ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಬೇಕಾಗಿರುವುದು ಅವಳ ಸಂಬಳದ ಮೇಲೆ ದಾನಿಯ ಹೆಸರು ಬರೆಯುವ ಒಂದು ಉಪಾಯ. ಯಂತ್ರದ ಮೇಲೆ ಹೆಸರು ಬರೆಯಬಹುದು, ಚೀಲದ ಮೇಲೆ ಬರೆಯಬಹುದು, ಕುಡಿಯುವ ನೀರಿನ ಟ್ಯಾಂಕಿನ ಮೇಲಂತೂ ಟ್ಯಾಂಕಿಗಿಂತ ದೊಡ್ಡದಾಗಿ ಬರೆಯಬಹುದು. ಸ್ಕೂಟಿಗೆ ಹಾಕಿಸುವ ಪೆಟ್ರೋಲಿನ ಮೇಲೆ ಬರೆಯುವುದು ಹೇಗೆಂಬುದಕ್ಕೆ ಇನ್ನೂ ಯಾರೂ ತರಬೇತಿ ಕೊಟ್ಟಿಲ್ಲ.

ನನ್ನ ಪರಿಚಯದವರೊಬ್ಬರು ಒಂದು ಚಿಕ್ಕ ಗ್ರಾಮೀಣ ಸಂಸ್ಥೆಯಲ್ಲಿದ್ದಾರೆ. ಈ ಸಲ ಅವರು ಹೊಸ ಯಂತ್ರಗಳನ್ನು ಕೇಳಲಿಲ್ಲ. ಹಿಂದಿನ ವರ್ಷಗಳಲ್ಲಿ ತರಬೇತಿ ಪಡೆದವರ ಮನೆಗಳಿಗೆ ಹೋಗಿಬರಲು, ಯಂತ್ರಗಳ ರಿಪೇರಿ ಮಾಡಿಸಲು, ಶಾಲಾ ಸಮವಸ್ತ್ರದ ಗುತ್ತಿಗೆಗೆ ಓಡಾಡಿ ಅರ್ಜಿ ಹಾಕಲು ಒಬ್ಬ ಕಾರ್ಯಕರ್ತೆಗೆ ಎರಡು ವರ್ಷದ ಸಂಬಳ ಬೇಕೆಂದು ಒಂದು ದಾನಿ ಕಂಪನಿಗೆ ಬರೆದುಕೊಂಡರು. ಕಂಪನಿಯವರು ಪ್ರಸ್ತಾವವನ್ನು ತುಂಬಾ ಮೆಚ್ಚಿಕೊಂಡರಂತೆ. ಆದರೆ ಮಾರ್ಚ್ 31ಕ್ಕೆ ಹನ್ನೆರಡೇ ದಿನ ಉಳಿದಿರುವುದರಿಂದ ಎರಡು ವರ್ಷದ ಬಾಬತ್ತು ಬೇಡವೆಂದೂ, ಅದರ ಬದಲಿಗೆ ನಲವತ್ತು ಯಂತ್ರಗಳನ್ನು ಶುಕ್ರವಾರವೇ ಕಳಿಸುತ್ತೇವೆಂದೂ, ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು ಬಂದರೆ ಫೋಟೊಗೆ ಚೆನ್ನಾಗಿರುತ್ತದೆಂದೂ ಉತ್ತರ ಬರೆದರು. ಸಂಸ್ಥೆಯವರು ಒಪ್ಪಿಕೊಂಡಿದ್ದಾರೆ. ಒಪ್ಪದಿದ್ದರೆ ಪಕ್ಕದ ತಾಲ್ಲೂಕಿನ ಇನ್ನೊಂದು ಸಂಸ್ಥೆ ಒಪ್ಪಿಕೊಳ್ಳುತ್ತಿತ್ತು.